ಹಳೇ ಸ್ಕ್ಯಾನರಿಗೆ ಒಂದು ಮುಳ್ಳು

ಎರಡು ವರ್ಷದ ಹಿಂದೆ ನಮ್ಮ ಮೇಷ್ಟ್ರು ತಮ್ಮ ರೇಡಿಯೋ ಕೋಣೆ ಖಾಲಿ ಮಾಡಿದರು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತರಾದವರು. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರೀಕ್ಷೆಗೆ ನನಗೆ ಮೋರ್ಸ್ ಸಂಕೇತ ಕಲಿಸಿದ್ದೂ ಅವರೇ. ಅವತ್ತು ಅಟ್ಟದಿಂದ ಇಳಿಸಿದ ಸಾಮಾನಿನಲ್ಲಿ ಒಂದು ಸ್ಕ್ಯಾನರ್ ಇತ್ತು, ಅಂದರೆ ಚಾನೆಲ್ಲುಗಳನ್ನು ಒಂದಾದ ಮೇಲೊಂದು ಹುಡುಕುತ್ತಾ ಸಿಗ್ನಲ್ ಸಿಕ್ಕಿದ ಕಡೆ ನಿಲ್ಲುವ ರೇಡಿಯೋ. ಮೇಜಿನ ಮೇಲೆ ಇಡುವಂಥದ್ದು, ಎಂಬತ್ತರ ದಶಕದ ಕೊನೆಯದು, ತಗಡಿನ ಮೈ, ಎತ್ತಿದರೆ ಭಾರ ಗೊತ್ತಾಗುತ್ತದೆ. "ತಗೊಂಡು ಹೋಗಪ್ಪ, ಚೆನ್ನಾಗಿ ಕೆಲಸ ಮಾಡುತ್ತೆ. ನನಗೇ ಈಗ ಇದರಲ್ಲಿ ಏನೂ ಗೊತ್ತಾಗಲ್ಲ" ಅಂದರು.

ಆ ಮಾತಿನ ಅರ್ಥ ನನಗೆ ಹೊಳೆದಿದ್ದು ಆಮೇಲೆ. ಅವರಿಗೆ ಮಾತು ಕೇಳಿಸುತ್ತದೆ. ಕಿವಿಗೆ ಮಿಷನ್ ಹಾಕಿಕೊಂಡಿದ್ದಾರೆ, ಎದುರು ಕೂತು ಮಾತಾಡಿದರೆ ತೊಂದರೆ ಇಲ್ಲ. ಕೇಳಿಸದೆ ಇರುವುದು ರೇಡಿಯೋದ ಆ 'ಶ್ಶ್' ಅನ್ನುವ ಸದ್ದು. ವಯಸ್ಸಾದ ಹಾಗೆ ಕಿವಿ ಮೊದಲು ಬಿಟ್ಟುಕೊಡುವುದು ಎತ್ತರದ ಸ್ವರಗಳನ್ನೇ. ಎಫ್‌ಎಂನಲ್ಲಿ ಸಿಗ್ನಲ್ ಗಟ್ಟಿಯಾಗಿದೆಯೋ ಸೊರಗಿದೆಯೋ ಅಂತ ಹೇಳುವುದು ಆ ಶ್ಶ್ ಒಂದೇ. ಅದು ಜಾಸ್ತಿಯಾದರೆ ಆಂಟೆನಾ ತಿರುಗಿಸಬೇಕು, ಕಮ್ಮಿಯಾದರೆ ಸರಿಯಾದ ದಿಕ್ಕಿಗೆ ಬಂತು ಅಂತ. ನಲವತ್ತು ವರ್ಷ ಕಿವಿಯಿಂದಲೇ ಆಂಟೆನಾ ತಿರುಗಿಸಿದವರಿಗೆ ಆ ಗುರುತೇ ಹೋಗಿಬಿಟ್ಟಿದೆ.

ಸಿಗ್ನಲ್ ಎಷ್ಟು ಜೋರು ಅಂತ ಮುಳ್ಳಿನಲ್ಲಿ ತೋರಿಸುವ ಮೀಟರ್ ಈ ಸ್ಕ್ಯಾನರಿಗೆ ಇಲ್ಲ. ಆ ಕಾಲದ ಎಷ್ಟೋ ಸ್ಕ್ಯಾನರುಗಳಿಗೆ ಇರಲಿಲ್ಲ. ಹಾಗಾಗಿ ಒಂದು ಮುಳ್ಳು ಕೂರಿಸಿಯೇ ಬಿಡೋಣ ಅಂತ ಹೊರಟೆ. ನಾಲ್ಕು ಭಾನುವಾರ ಹಿಡಿಯಿತು. ಹೇಗೆ ಮಾಡಿದೆ, ಎಲ್ಲಿ ಎಡವಿದೆ, ಎರಡನ್ನೂ ಬರೆಯುತ್ತೇನೆ. ನಿಮ್ಮ ಹತ್ತಿರವೂ ಇಂಥದ್ದೊಂದು ಇದ್ದರೆ ಉಪಯೋಗಕ್ಕೆ ಬರಲಿ. (ನಮ್ಮಿಬ್ಬರಿಗೂ ಹ್ಯಾಮ್ ಲೈಸೆನ್ಸ್ ಇದೆ, ಕೇಳುವುದೂ 144ರಿಂದ 146 ಮೆಗಾಹರ್ಟ್ಸಿನ ನಮ್ಮ ಬ್ಯಾಂಡೇ. ಲೈಸೆನ್ಸ್ ಇಲ್ಲದವರು ದಯವಿಟ್ಟು ಮೊದಲು ಅದನ್ನು ಮಾಡಿಸಿಕೊಳ್ಳಿ.)

ಮೊದಲು ಡಬ್ಬಿ ಬಿಚ್ಚಿ ಒಳಗೆ ಏನಿದೆ ನೋಡಬೇಕು. ಹಳೇ ಎಫ್‌ಎಂ ರಿಸೀವರ್ ಬಿಚ್ಚಿದಾಗ ನಾನು ಹುಡುಕುವುದು ಒಂದು ಕ್ರಿಸ್ಟಲ್, ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ, ಮೇಲೆ 10.245 ಅಂತ ಬರೆದಿರುತ್ತದೆ. ಅದು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಇಂಥ ರೇಡಿಯೋ ಬಂದ ಸಿಗ್ನಲನ್ನು ಮೊದಲು 10.7 ಮೆಗಾಹರ್ಟ್ಸಿಗೆ ತರುತ್ತದೆ. ಅದರಿಂದ ಕ್ರಿಸ್ಟಲಿನ 10.245 ಕಳೆದರೆ 0.455, ಅಂದರೆ 455 ಕಿಲೋಹರ್ಟ್ಸ್. ರೇಡಿಯೋ ಕೊನೆಗೆ ಕೆಲಸ ಮಾಡುವುದು ಆ ಫ್ರೀಕ್ವೆನ್ಸಿಯಲ್ಲಿ. ಕ್ರಿಸ್ಟಲ್ ಪಕ್ಕದಲ್ಲೇ 16 ಪಿನ್ನಿನ ಐಸಿ (ಚಿಪ್) ಇರುತ್ತದೆ, ಅದರ ಹತ್ತಿರ 455ರ ಅಕ್ಕಪಕ್ಕದ್ದನ್ನು ಮಾತ್ರ ಬಿಡುವ ಚೌಕಾಕಾರದ ಕಪ್ಪು ಸೆರಾಮಿಕ್ ಫಿಲ್ಟರ್. ನನ್ನದರಲ್ಲಿ ಇದ್ದದ್ದು ಎಂಸಿ3361 ಜಾತಿಯ ಐಸಿ. 3ನೇ ಪಿನ್ನಿನಿಂದ ಹೊರಟ ಸಿಗ್ನಲ್ ಫಿಲ್ಟರ್ ದಾಟಿ 5ನೇ ಪಿನ್ನಿಗೆ ವಾಪಸ್ ಬರುತ್ತದೆ, 9ರಲ್ಲಿ ಮಾತು ಹೊರಗೆ ಬರುತ್ತದೆ.

ಈ ಐಸಿಗೆ ಸಿಗ್ನಲ್ ಎಷ್ಟು ಜೋರು ಅನ್ನುವುದೇ ಗೊತ್ತಿರುವುದಿಲ್ಲ. ಗೊತ್ತಿರಬಾರದು ಅಂತಲೇ ಹಾಗೆ ಮಾಡಿದ್ದಾರೆ. ಎಫ್‌ಎಂನಲ್ಲಿ ಮಾತು ಇರುವುದು ಫ್ರೀಕ್ವೆನ್ಸಿಯ ಓಲಾಟದಲ್ಲಿ, ಅಲೆಯ ಎತ್ತರದಲ್ಲಿ ಅಲ್ಲ. ಗುಡುಗು ಸಿಡಿಲು, ಸ್ಕೂಟರಿನ ಸ್ಪಾರ್ಕ್ ಪ್ಲಗ್ಗು, ಇವೆಲ್ಲ ಕೆಡಿಸುವುದು ಎತ್ತರವನ್ನು. ಅದಕ್ಕೇ 5ನೇ ಪಿನ್ನಿನ ಒಳಗೆ ಲಿಮಿಟರ್ ಅಂತ ಒಂದು ಭಾಗ ಇದೆ. ಬಂದ ಸಿಗ್ನಲನ್ನು ಸಿಕ್ಕಾಪಟ್ಟೆ ಹಿಗ್ಗಿಸಿ, ತಲೆ ಬುಡ ಕತ್ತರಿಸಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದುಬಿಡುತ್ತದೆ. ಪಕ್ಕದ ಬೀದಿಯವರದ್ದೂ ಅಷ್ಟೇ ಎತ್ತರ, ಐವತ್ತು ಕಿಲೋಮೀಟರ್ ಆಚೆಯವರದ್ದೂ ಅಷ್ಟೇ ಎತ್ತರ. ಎಫ್‌ಎಂ ಕೇಳಲು ಇಷ್ಟು ಹಿತವಾಗಿರುವುದು ಇದರಿಂದಲೇ.

ಹಾಗಾದರೆ ಸಿಗ್ನಲ್ ಇಲ್ಲದಾಗ ಸ್ಪೀಕರ್ ಮುಚ್ಚಿಡುವ ಸ್ಕ್ವೆಲ್ಚ್ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಬಹುದು. ಸಿಗ್ನಲ್ ಬಂದ ತಕ್ಷಣ ಸ್ಪೀಕರ್ ತೆರೆದುಕೊಳ್ಳುತ್ತದೆ ಅಲ್ವಾ? ಅದು ನೋಡುವುದು ಸಿಗ್ನಲನ್ನಲ್ಲ, ಶ್ಶ್ ಸದ್ದನ್ನು. ಮಾತಿಗಿಂತ ಮೇಲಿನ ಸ್ವರದ ಗದ್ದಲವನ್ನು ಬೇರೆ ಮಾಡಿ ಅಳೆಯುತ್ತದೆ. ಗದ್ದಲ ಇಳಿಯಿತೆಂದರೆ ಯಾರೋ ಬಂದರು ಅಂತ ಲೆಕ್ಕ. ಅಂದರೆ ಈ ರೇಡಿಯೋ ಇಷ್ಟು ವರ್ಷ ಮಾಡಿದ್ದು ನಮ್ಮ ಮೇಷ್ಟ್ರ ಕಿವಿ ಮಾಡಿದ ಕೆಲಸವನ್ನೇ.

ಕಮ್ಮಿ ಖರ್ಚಿನ ದಾರಿ ಅಂದರೆ ಆ ಗದ್ದಲವನ್ನೇ ಡಿಸಿ ಮಾಡಿ ಮೀಟರಿಗೆ ಕೊಡುವುದು. ಮಾಡಿ ನೋಡಿದೆ. ಎರಡು ಡಯೋಡು, ಒಂದು ಕೆಪಾಸಿಟರ್, ಸಾಕು. ಸಣ್ಣ ಸಿಗ್ನಲಿಗೆ ಮುಳ್ಳು ಚೆನ್ನಾಗಿ ಆಡುತ್ತದೆ. ಆದರೆ ಸಿಗ್ನಲ್ ಸ್ವಲ್ಪ ಗಟ್ಟಿಯಾಗಿ ಗದ್ದಲ ಪೂರ್ತಿ ನಿಂತಿತೆಂದರೆ ಮುಳ್ಳು ಕೊನೆ ಮುಟ್ಟಿ ಕೂತುಬಿಡುತ್ತದೆ. ಆಮೇಲೆ ಸಿಗ್ನಲ್ ಹತ್ತು ಪಟ್ಟು ಜಾಸ್ತಿಯಾದರೂ, ನೂರು ಪಟ್ಟಾದರೂ ಅಲ್ಲೇ. ಆಂಟೆನಾ ತಿರುಗಿಸಲು ಇದು ಸಾಲದು.

ಇನ್ನೊಂದು ದಾರಿ ಐಸಿಯನ್ನೇ ಬದಲಿಸುವುದು. ಎಂಸಿ3371 ಅಂತ ಇದೆ, ಇದರ ಅಣ್ಣತಮ್ಮನ ಥರ, ಪಿನ್ನುಗಳೂ ಹೆಚ್ಚುಕಮ್ಮಿ ಅವೇ. 13ನೇ ಪಿನ್ನಿನಲ್ಲಿ ಸಿಗ್ನಲಿನ ಬಲ ನೇರವಾಗಿ ಸಿಗುತ್ತದೆ, ಅದೂ 60 ಡಿಬಿಯಷ್ಟು (ಡೆಸಿಬೆಲ್, ಸಿಗ್ನಲಿನ ಏರಿಳಿತದ ಅಳತೆ) ಹರವಿನಲ್ಲಿ. ಓದಿದಾಗ ತುಂಬಾ ಖುಷಿಯಾಯಿತು. ಆಮೇಲೆ ಬೋರ್ಡಿನ ಜಾಡು ಹಿಡಿದು ನೋಡಿದರೆ ನಮ್ಮ ಹಳೇ ಐಸಿಯ 13ನೇ ಪಿನ್ನು ಸ್ಕ್ಯಾನ್ ಕಂಟ್ರೋಲಿನದು. ಸಿಗ್ನಲ್ ಸಿಕ್ಕಿತು, ನಿಲ್ಲು ಅಂತ ಸ್ಕ್ಯಾನರಿಗೆ ಹೇಳುವುದೇ ಅದು. ಅದನ್ನು ಕಿತ್ತುಕೊಂಡರೆ ಸ್ಕ್ಯಾನರ್ ನಿಲ್ಲದೆ ಓಡುತ್ತಲೇ ಇರುತ್ತದೆ. ಮಾಮೂಲಿ ವಾಕಿಟಾಕಿಯಲ್ಲಾದರೆ ಈ ಬದಲಾವಣೆ ನಡೆಯಬಹುದು, ಸ್ಕ್ಯಾನರಿನಲ್ಲಿ ಬೇಡ.

ಉಳಿದದ್ದು ಒಂದೇ. ಲಿಮಿಟರ್ ಕತ್ತರಿಸುವ ಮೊದಲೇ, ಫಿಲ್ಟರ್ ದಾಟಿದ ಮೇಲೆ, ಅಂದರೆ ಸರಿಯಾಗಿ 5ನೇ ಪಿನ್ನಿನ ಬಾಗಿಲಲ್ಲಿ ನಿಂತು ಸಿಗ್ನಲನ್ನು ಅಳೆಯಬೇಕು. ಫಿಲ್ಟರಿಗಿಂತ ಹಿಂದೆ ಅಳೆದರೆ ಪಕ್ಕದ ಚಾನೆಲ್ಲಿನವರೂ ಸೇರಿಕೊಳ್ಳುತ್ತಾರೆ.

ಅಳೆಯಲು ಎಡಿ8307 ತಗೊಂಡೆ. ಎಂಟೇ ಪಿನ್ನಿನ ಲಾಗ್ ಆಂಪ್ಲಿಫೈಯರ್. ಸಿಗ್ನಲ್ ಒಂದು ಡಿಬಿ ಏರಿದರೆ ಇದರ ಔಟ್‌ಪುಟ್ 25 ಮಿಲಿವೋಲ್ಟ್ ಏರುತ್ತದೆ, ಸುಮಾರು 90 ಡಿಬಿ ಉದ್ದಕ್ಕೂ ಹೀಗೇ. ಇಡೀ ಕೆಲಸದಲ್ಲಿ ದುಬಾರಿ ಸಾಮಾನು ಇದೊಂದೇ, ಮಿಕ್ಕಿದ್ದೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಮಧ್ಯಾಹ್ನದಲ್ಲಿ ಸಿಕ್ಕಿತು. ಮೀಟರ್ ಕೂಡ ಅಲ್ಲೇ. ಯಾವುದೋ ಹಳೇ ಕ್ಯಾಸೆಟ್ ಡೆಕ್ಕಿನಿಂದ ಬಿಚ್ಚಿದ, ಸದ್ದಿನ ಮಟ್ಟ ತೋರಿಸುವ ವಿಯು ಮೀಟರು, ಅಂಗಡಿಯವರು ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹತ್ತಾರು ಹಾಕಿಟ್ಟಿದ್ದರು. ಬುಟ್ಟಿಯಿಂದ ಮೀಟರ್ ಆರಿಸುವಾಗ ಅಂಗೈಯಲ್ಲಿ ಇಟ್ಟುಕೊಂಡು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ. ಮುಳ್ಳು ತಡವರಿಸದೆ ತೂಗಿ, ಮತ್ತೆ ಸೊನ್ನೆಗೆ ಬಂದು ನಿಂತರೆ ಬೇರಿಂಗ್ ಚೆನ್ನಾಗಿದೆ ಅಂತ ಅರ್ಥ. ನಾನು ಐದು ನೋಡಿ ಆರನೆಯದು ತಗೊಂಡೆ. ಮನೆಗೆ ತಂದು ಒಂದು ಸೆಲ್ಲು, ಒಂದು ದೊಡ್ಡ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ ನೋಡಿದರೆ 240 ಮೈಕ್ರೋ ಆಂಪಿಗೆ ಮುಳ್ಳು ಕೊನೆ ಮುಟ್ಟಿತು. ಮಲ್ಟಿಮೀಟರಿನ ಓಮ್ಸ್ ರೇಂಜಿನಲ್ಲಿ ಇಂಥ ಮೀಟರನ್ನು ಪರೀಕ್ಷೆ ಮಾಡಬೇಡಿ, ಮುಳ್ಳು ಬಾಗಿಹೋಗಬಹುದು.

ಮೊದಲ ಸಲ ಎಲ್ಲವನ್ನೂ ಹೊರಗಡೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿದೆ. ಸ್ಕ್ಯಾನರ್ ಒಳಗೆ 5ನೇ ಪಿನ್ನಿಗೆ ಒಂದು ಬಿಎಫ್‌ಡಬ್ಲ್ಯೂ10 ಸೋಲ್ಡರ್ ಮಾಡಿದೆ. ಕಾಲೇಜು ಲ್ಯಾಬಿನಲ್ಲಿ ಎಫ್‌ಇಟಿ (ಒಂದು ಜಾತಿಯ ಟ್ರಾನ್ಸಿಸ್ಟರ್) ಅಂದರೆ ನಮಗೆಲ್ಲ ಅದೇ ಅಲ್ವಾ, ನಾಲ್ಕು ಕಾಲಿನ ಲೋಹದ ಟೋಪಿಯದ್ದು. ಪಿನ್ನಿನ ಮೇಲೆ ಭಾರ ಬೀಳದ ಹಾಗೆ ಸಿಗ್ನಲನ್ನು ಎತ್ತಿಕೊಡುವುದಷ್ಟೇ ಅದರ ಕೆಲಸ. ಅಲ್ಲಿಂದ ಅರ್ಧ ಮೀಟರ್ ಮಾಮೂಲಿ ವೈರು ಹೊರಗಿನ ಡಬ್ಬಿಗೆ. ಸ್ವಿಚ್ ಹಾಕಿದೆ. ಮುಳ್ಳು ಸೀದಾ ಮುಕ್ಕಾಲು ಭಾಗ ಏರಿ ಅಲ್ಲೇ ನಿಂತಿತು.

ಆಂಟೆನಾ ಕಿತ್ತೆ. ಇಳಿಯಲಿಲ್ಲ. ಸ್ಕ್ಯಾನರನ್ನೇ ಆಫ್ ಮಾಡಿ ಡಬ್ಬಿಯನ್ನು ಮಾತ್ರ ಬ್ಯಾಟರಿಯಲ್ಲಿ ನಡೆಸಿದೆ. ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಕಣ್ಣು ಹತ್ತಿರ ತಂದು ನೋಡಿದರೆ ಮುಳ್ಳಿನ ತುದಿ ಸಣ್ಣಗೆ ನಡುಗುತ್ತಿತ್ತು, ಯಾರೋ ಮಾತಾಡುವ ಲಯದಲ್ಲಿ. ಆಗ ಅನುಮಾನ ಬಂದು ಎಡಿ8307ರ ಔಟ್‌ಪುಟ್ಟಿಗೆ ಒಂದು ಕೆಪಾಸಿಟರ್ ಹಾಕಿ ಎಲ್‌ಎಂ386ರ ಪುಟ್ಟ ಆಂಪ್ಲಿಫೈಯರಿಗೆ ಕೊಟ್ಟೆ. ಸ್ಪೀಕರಿನಲ್ಲಿ ಕನ್ನಡದ ಹಳೇ ಚಿತ್ರಗೀತೆ ಬಂತು, ಸ್ವಲ್ಪ ಒಡೆದ ದನಿಯಲ್ಲಿ, ಆದರೆ ಸ್ಪಷ್ಟವಾಗಿ. ಆಕಾಶವಾಣಿ ಬೆಂಗಳೂರು, 612 ಕಿಲೋಹರ್ಟ್ಸ್, 200 ಕಿಲೋವ್ಯಾಟ್. ನಾವಿರುವುದು ಯಲಹಂಕದಲ್ಲಿ, ಟ್ರಾನ್ಸ್‌ಮಿಟರ್ ಇರುವುದೂ ಈ ಕಡೆಯೇ. ನನ್ನ ಅರ್ಧ ಮೀಟರ್ ವೈರು ಆಂಟೆನಾ ಆಗಿತ್ತು, ಲಾಗ್ ಆಂಪ್ಲಿಫೈಯರ್ ಎಎಂ ರೇಡಿಯೋ ಆಗಿತ್ತು. ಹಾಡು ಮುಗಿಯುವ ತನಕ ಕೆಲಸ ಬಿಟ್ಟು ಕೇಳುತ್ತಾ ಕೂತೆ. ಟ್ಯೂನಿಂಗ್ ಇಲ್ಲ, ಕಾಯಿಲ್ ಇಲ್ಲ, ಒಂದು ತುಂಡು ವೈರಿನಲ್ಲಿ ಊರಿನ ಸ್ಟೇಷನ್ ಬರುತ್ತಿದೆ! ಚಿಕ್ಕಂದಿನಲ್ಲಿ ಕ್ರಿಸ್ಟಲ್ ಸೆಟ್ ಕಟ್ಟಿದ ದಿನ ಆದ ಸಂತೋಷವೇ ಮತ್ತೆ ಆಯಿತು.

ಎಡಿ8307 ಡಿಸಿಯಿಂದ 500 ಮೆಗಾಹರ್ಟ್ಸ್ ತನಕ ಏನು ಕೊಟ್ಟರೂ ಅಳೆಯುತ್ತದೆ. ಇದು ಬೇಕು, ಇದು ಬೇಡ ಅಂತ ಅದಕ್ಕಿಲ್ಲ. ಸ್ಕ್ಯಾನರ್ ಆನ್ ಇದ್ದಾಗ ಮುಳ್ಳು ಇನ್ನೂ ಮೇಲಿದ್ದದ್ದಕ್ಕೆ ಕಾರಣ ಆ 10.245ರ ಕ್ರಿಸ್ಟಲ್, ಪಕ್ಕದಲ್ಲೇ ಇದ್ದು ಸೋರುತ್ತಿತ್ತು. ಹಾಗಾಗಿ ಎರಡನೇ ಸಲ ಮೂರು ಬದಲಾವಣೆ ಮಾಡಿದೆ. ಎಫ್‌ಇಟಿ ಆದಮೇಲೆ ಇನ್ನೊಂದು 455ರ ಸೆರಾಮಿಕ್ ಫಿಲ್ಟರ್ ಹಾಕಿದೆ, 455ರ ಅಕ್ಕಪಕ್ಕ ಬಿಟ್ಟು ಬೇರೆ ಯಾವುದೂ ಮುಂದೆ ಹೋಗದ ಹಾಗೆ. ಫಿಲ್ಟರಿನ ಎರಡೂ ಕಡೆ ಒಂದೂವರೆ ಕಿಲೋಓಮಿನಷ್ಟು ಇರಬೇಕು, ಎಡಿ8307ರ ಇನ್‌ಪುಟ್ ಸುಮಾರು 1.1 ಕಿಲೋಓಮ್ ಇರುವುದರಿಂದ ಅಷ್ಟೇನೂ ವ್ಯತ್ಯಾಸ ಇಲ್ಲ. ಆದರೂ ಸಣ್ಣ ಸಿಗ್ನಲಿಗೆ ಮುಳ್ಳು ಏಳುತ್ತಿರಲಿಲ್ಲ, ಯಾಕೆಂದರೆ 40 ಮೈಕ್ರೋವೋಲ್ಟಿಗಿಂತ ಕೆಳಗೆ ಎಡಿ8307ಗೆ ಏನೂ ಕಾಣುವುದಿಲ್ಲ. ಹಾಗಾಗಿ ಮಧ್ಯೆ ಒಂದು ಬಿಎಫ್494 ಟ್ರಾನ್ಸಿಸ್ಟರ್ ಹಾಕಿ ಹತ್ತು ಪಟ್ಟು ಏರಿಸಿಕೊಂಡೆ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಇಷ್ಟನ್ನೂ ಬೆಂಕಿಪೊಟ್ಟಣದಷ್ಟು ಬೋರ್ಡಿನಲ್ಲಿ ಕಟ್ಟಿ, ಸುತ್ತ ತಗಡಿನ ಗೋಡೆ ಬೆಸೆದು, ಸ್ಕ್ಯಾನರ್ ಒಳಗೇ ಐಸಿಯ ಪಕ್ಕದಲ್ಲಿ ಕೂರಿಸಿದೆ. ಈಗ ಡಬ್ಬಿಯಿಂದ ಹೊರಗೆ ಬರುವುದು ಬರೀ ಡಿಸಿ. ಅದಕ್ಕೆ ವೈರು ಎಷ್ಟು ಉದ್ದ ಇದ್ದರೂ ನಡೆಯುತ್ತದೆ.

ಮೀಟರನ್ನು ನೇರವಾಗಿ ಎಡಿ8307ರ ಔಟ್‌ಪುಟ್ಟಿಗೆ ಜೋಡಿಸಬೇಡಿ. ಒಳಗಡೆ 12.5 ಕಿಲೋಓಮ್ ಇದೆ, ಮೀಟರ್ ಎಳೆಯುವ ಕರೆಂಟಿಗೆ ಲೆಕ್ಕವೆಲ್ಲ ಕುಸಿಯುತ್ತದೆ. ನಾನು ಒಂದು ಎಲ್‌ಎಂ358 ಹಾಕಿದ್ದೇನೆ, ಒಂದೇ ಐಸಿಯಲ್ಲಿ ಎರಡು ಆಂಪ್ಲಿಫೈಯರ್. ಅದರ ಅರ್ಧ ಭಾಗ ಬಫರ್, ಇನ್ನರ್ಧ ಭಾಗ ಸೊನ್ನೆ ಹೊಂದಿಸಲು, ಅಂದರೆ ಆಂಟೆನಾ ಇಲ್ಲದಾಗ ಬರುವ ಗದ್ದಲದ ವೋಲ್ಟೇಜನ್ನು ಕಳೆದು ಮುಳ್ಳನ್ನು ಎಡತುದಿಗೆ ತರುವುದಕ್ಕೆ. ಕೊನೆಗೊಂದು 22 ಕಿಲೋಓಮಿನ ಪ್ರಿಸೆಟ್.

ಸ್ಕ್ಯಾನರಿನ ಮುಂಭಾಗ ಕೊರೆದು ಮೀಟರ್ ಕೂರಿಸಬಹುದಿತ್ತು, ಜಾಗವೂ ಇತ್ತು. ಮನಸ್ಸಾಗಲಿಲ್ಲ. ಅದರ ಮೈಮೇಲೆ ಮೇಷ್ಟ್ರು ಬ್ಲೇಡಿನಲ್ಲಿ ಗೀಚಿದ ಅವರ ಕಾಲ್‌ಸೈನ್ (ಹ್ಯಾಮ್ ಲೈಸೆನ್ಸಿನ ಗುರುತು) ಇದೆ. ಮೀಟರನ್ನು ಬೇರೆ ಮರದ ಪೆಟ್ಟಿಗೆಯಲ್ಲಿ ಹಾಕಿ ಮೇಲಿಟ್ಟೆ, ಹಿಂದುಗಡೆ ಇದ್ದ ಗಾಳಿಯ ಸಂದಿಯಿಂದಲೇ ವೈರು ತಂದೆ.

ಇನ್ನು ಸ್ಕೇಲು. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ, ಮುಳ್ಳು ಆಡಿದರೆ ಸಾಕು ಅಂತ. ನನಗೆ ಅದು ಒಪ್ಪಿಗೆಯಿಲ್ಲ. ನಾವು ರೇಡಿಯೋದಲ್ಲಿ ಒಬ್ಬರಿಗೊಬ್ಬರು 'ಫೈವ್ ನೈನ್' ಅಂತ ಹೇಳುತ್ತೇವಲ್ಲ, ಅದರಲ್ಲಿ ಫೈವ್ ಅಂದರೆ ಮಾತಿನ ಸ್ಪಷ್ಟತೆ, ನೈನ್ ಅಂದರೆ ಸಿಗ್ನಲಿನ ಬಲ, ಬರೆಯುವಾಗ ಎಸ್9. ಆ ನೈನ್ ಅನ್ನುವುದಕ್ಕೆ ಒಂದು ಅಳತೆ ಇದೆ. 30 ಮೆಗಾಹರ್ಟ್ಸಿಗಿಂತ ಮೇಲೆ ಎಸ್9 ಅಂದರೆ ಆಂಟೆನಾ ಬಾಯಲ್ಲಿ 5 ಮೈಕ್ರೋವೋಲ್ಟ್. ಅಲ್ಲಿಂದ ಒಂದೊಂದು ಎಸ್ ಇಳಿದರೆ 6 ಡಿಬಿ ಕಮ್ಮಿ, ಅಂದರೆ ವೋಲ್ಟೇಜ್ ಅರ್ಧ. ಮೀಟರ್ ಇಲ್ಲದೆ ಹೇಳುವ ಫೈವ್ ನೈನ್ ಬರೀ ಮರ್ಯಾದೆಯ ಮಾತು. ಇನ್ನೊಂದು ವಿಷಯ ನೆನಪಿರಲಿ, ರಿಪೀಟರ್ (ಬೇರೆಯವರ ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್) ಕೇಳುವಾಗ ಮುಳ್ಳು ತೋರಿಸುವುದು ರಿಪೀಟರಿನ ಬಲ, ಮಾತಾಡುವವರದ್ದಲ್ಲ.

ಗೊತ್ತಿರುವ ಬಲದ ಸಿಗ್ನಲ್ ಕೊಡುವ ಸಿಗ್ನಲ್ ಜನರೇಟರ್ ನನ್ನ ಹತ್ತಿರ ಇಲ್ಲ. ಒಂದು ಹಳೇ ಕಂಪ್ಯೂಟರ್ ಕಾರ್ಡಿನಿಂದ 48 ಮೆಗಾಹರ್ಟ್ಸಿನ ಆಸಿಲೇಟರ್ ಕಿತ್ತೆ. ಮೂರರಿಂದ ಗುಣಿಸಿದರೆ 144, ಅದರ ಮೂರನೇ ಹಾರ್ಮೋನಿಕ್ ನಮ್ಮ ಬ್ಯಾಂಡಿನ ಅಂಚಿನಲ್ಲೇ ಬೀಳುತ್ತದೆ. ಬ್ಯಾಟರಿ ಸಮೇತ ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಆಮೇಲೆ ಸಿಗ್ನಲನ್ನು 6 ಡಿಬಿ ತಗ್ಗಿಸುವ ರೆಸಿಸ್ಟರ್ ಪ್ಯಾಡುಗಳು: ಅಡ್ಡಕ್ಕೆ 39 ಓಮ್, ಎರಡೂ ಕಡೆ ನೆಲಕ್ಕೆ 150 ಓಮ್, ಇಂಥವು ಎಂಟು. ಒಂದೊಂದೇ ಪ್ಯಾಡ್ ಸೇರಿಸುತ್ತಾ ಮುಳ್ಳು ನಿಂತ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾ ಹೋದರೆ ಎಸ್ ಸ್ಕೇಲ್ ತಾನಾಗೇ ಬರುತ್ತದೆ. ಮೊದಲ ಸಲ ಐದನೇ ಪ್ಯಾಡ್ ಆದಮೇಲೆ ಮುಳ್ಳು ಇಳಿಯುವುದೇ ನಿಂತುಹೋಯಿತು. ನೋಡಿದರೆ ಡಬ್ಬಿಯ ಮುಚ್ಚಳ ಒಂದು ಕಡೆ ಕೂದಲೆಳೆಯಷ್ಟು ಎದ್ದಿತ್ತು. ಸಿಗ್ನಲ್ ಕೇಬಲಿನಲ್ಲಿ ಬರುವುದು ಬಿಟ್ಟು ಆ ಸಂದಿಯಿಂದ ಗಾಳಿಯಲ್ಲೇ ಬರುತ್ತಿತ್ತು. ಮುಚ್ಚಳ ಒತ್ತಿ ತಾಮ್ರದ ಟೇಪ್ ಸುತ್ತಿದ ಮೇಲೆ ಎಂಟೂ ಗೆರೆ ಸರಿಯಾಗಿ ಬಂದವು, ಹೆಚ್ಚುಕಮ್ಮಿ ಸಮ ಅಂತರದಲ್ಲಿ. ಲಾಗ್ ಆಂಪ್ಲಿಫೈಯರಿನ ಚೆಂದ ಇದು. ಎಸ್9 ಎಲ್ಲಿ ಅನ್ನುವುದನ್ನು ಮಾತ್ರ ಒಬ್ಬ ಗೆಳೆಯನ ಜನರೇಟರಿನಲ್ಲಿ ನೋಡಿಕೊಂಡು ಬಂದೆ.

ಮುಳ್ಳು ಬಂದ ಮೊದಲ ವಾರದಲ್ಲೇ ಒಂದು ವಿಷಯ ಗೊತ್ತಾಯಿತು. ಟೆರೇಸಿನಿಂದ ಬರುವ ನನ್ನ ಕೇಬಲ್ ಕೆಟ್ಟಿತ್ತು. ಒಂದು ಹೊಸ ತುಂಡು ಹಾಕಿ ನೋಡಿದರೆ ಪೂರ್ತಿ ಒಂದು ಎಸ್ ಜಾಸ್ತಿ. ಹಳೆಯದನ್ನು ಕತ್ತರಿಸಿದಾಗ ಒಳಗಿನ ತಾಮ್ರದ ಹೆಣಿಗೆ ಹಸಿರಾಗಿತ್ತು, ಮಳೆನೀರು ಇಳಿದಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ, ಕಿವಿಗೆ ಒಂದು ದಿನವೂ ತಿಳಿದಿರಲಿಲ್ಲ.

ಹೋದ ತಿಂಗಳು ಮೇಷ್ಟ್ರನ್ನು ಮನೆಗೆ ಕರೆದುಕೊಂಡು ಬಂದೆ. ಬಾಹ್ಯಾಕಾಶ ನಿಲ್ದಾಣದಿಂದ 145.800ರಲ್ಲಿ ಚಿತ್ರ ಕಳಿಸುತ್ತಿದ್ದ ದಿನಗಳು. ಸಂಜೆ ಟೆರೇಸಿನಲ್ಲಿ ಕುರ್ಚಿ ಹಾಕಿ, ಸ್ಟೂಲಿನ ಮೇಲೆ ಸ್ಕ್ಯಾನರ್, ಅದರ ಮೇಲೆ ಮರದ ಪೆಟ್ಟಿಗೆ. ನನ್ನ ಕೈಯಲ್ಲಿ ಯಾಗಿ ಆಂಟೆನಾ, ಉಕ್ಕಿನ ಅಳತೆ ಟೇಪು ಕತ್ತರಿಸಿ ಪಿವಿಸಿ ಪೈಪಿಗೆ ಕಟ್ಟಿದ್ದು, 3 ಎಲಿಮೆಂಟಿನದು. ನಿಲ್ದಾಣ ನೈಋತ್ಯದಲ್ಲಿ ಏಳುವಾಗ 2,300 ಕಿಲೋಮೀಟರ್ ದೂರ ಇರುತ್ತದೆ, ನೆತ್ತಿಯ ಹತ್ತಿರ ಬಂದಾಗ 400 ಚಿಲ್ಲರೆ. ದೂರದ ಲೆಕ್ಕ ಹಾಕಿದರೆ ಸುಮಾರು 15 ಡಿಬಿ, ಅಂದರೆ ಎರಡೂವರೆ ಎಸ್ ಏರಬೇಕು. ಮೇಷ್ಟ್ರು ಆ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದು ಇಟ್ಟುಕೊಂಡಿದ್ದರು.

ಮುಳ್ಳು ಎದ್ದಿತು. "ಬಂತು" ಅಂದರು. ನನಗೆ ಆಗಿನ್ನೂ ಸ್ಪೀಕರಿನಲ್ಲಿ ಬರೀ ಶ್ಶ್.

ಆಮೇಲೆ ಹತ್ತು ನಿಮಿಷ ನಾನು ಮೀಟರ್ ನೋಡಲೇ ಇಲ್ಲ. ಅವರು ಹೇಳಿದರು, ನಾನು ತಿರುಗಿಸಿದೆ. "ಬಲಕ್ಕೆ. ಇನ್ನೂ. ಹಾಂ, ನಿಲ್ಲು. ಬೀಳ್ತಾ ಇದೆ, ಕೈ ತಿರುಚು, ಅಡ್ಡ ಹಿಡಿ." ಯಾಗಿಯನ್ನು ಉದ್ದದಿಂದ ಅಡ್ಡಕ್ಕೆ ತಿರುಚಿದರೆ ಮುಳ್ಳು ಮತ್ತೆ ಮೇಲೆ. ಪರೀಕ್ಷೆಗೆ ನನ್ನನ್ನು ತಯಾರು ಮಾಡುವಾಗ ಇದೇ ದನಿಯಲ್ಲಿ ಮಾತಾಡುತ್ತಿದ್ದರು. ಮೇಡಂ ಕಾಫಿ ತಂದು ಪಕ್ಕದಲ್ಲಿಟ್ಟರು, ಮೇಷ್ಟ್ರು ತಿರುಗಿಯೂ ನೋಡಲಿಲ್ಲ. ನಿಲ್ದಾಣ ಈಶಾನ್ಯದ ಕಡೆ ಇಳಿಯುವಾಗ ಮುಳ್ಳೂ ನಿಧಾನಕ್ಕೆ ಇಳಿಯಿತು, ಕೊನೆಯಲ್ಲಿ ಎರಡು ಸಲ ತಡವರಿಸಿ ಎಡತುದಿಗೆ ಹೋಗಿ ಮಲಗಿತು. ಮೇಷ್ಟ್ರು ಪೆನ್ಸಿಲ್ ತೆಗೆದು ಲೆಕ್ಕದ ಪಕ್ಕ ಬರೆದರು: ಎಸ್4ರಿಂದ ಎಸ್7.

"ಅರ್ಧ ಎಸ್ ಜಾಸ್ತಿ ಬಂದಿದೆ" ಅಂದರು. "ನಿನ್ನ ಪ್ಯಾಡುಗಳ 39 ಓಮನ್ನ ಒಂದ್ಸಲ ಅಳೆದು ನೋಡು. ಲೆಕ್ಕಕ್ಕೆ 37 ಬರಬೇಕು, ಅದಕ್ಕಿಂತ ಕಮ್ಮಿ ಇದ್ದರೆ ಮುಳ್ಳು ಜಾಸ್ತಿ ತೋರಿಸುತ್ತೆ."

ನೋಡ್ತೀನಿ ಸರ್ ಅಂದೆ. ಕಾಫಿ ಆರಿತ್ತು, ಬಿಸಿ ಮಾಡಿಸಿ ತರಲು ಎದ್ದೆ.

"ಮುಂದಿನದು ಎಷ್ಟೊತ್ತಿಗೆ?"

"ಒಂದೂವರೆ ಗಂಟೆ ಆಗುತ್ತೆ ಸರ್. ಆದರೆ ತುಂಬಾ ಕೆಳಗೆ, ವಾಯವ್ಯದ ಅಂಚಲ್ಲಿ. ಮನೆಗಳು ಅಡ್ಡ ಬರ್ತವೆ."

"ಬರಲಿ" ಅಂದರು. ಶಾಲು ಹೊದ್ದುಕೊಂಡು ಕುರ್ಚಿಯನ್ನು ವಾಯವ್ಯಕ್ಕೆ ತಿರುಗಿಸಿಕೊಂಡರು.